ಸಿಪಾಯಿಯ ಬೆನ್ನಿನ ಹೊರೆ

2025ರ ಜನವರಿ 15ರಂದು ಪುಣೆಯಲ್ಲಿ ಜರುಗಿದ ಸೇನಾ ದಿನದ ಕವಾಯತಿನಲ್ಲಿ ನಾಲ್ಕು ಕಾಲಿನ ಯಂತ್ರಗಳ ತಂಡವೊಂದು ಹೆಜ್ಜೆಯಿಕ್ಕುತ್ತ ಸಾಗಿದುದನ್ನು ಆ ನಗರದಲ್ಲಿರುವ ನಮ್ಮ ವಾಚಕರಲ್ಲಿ ಕೆಲವರಾದರೂ ಕಂಡಿರಬೇಕು. ಬೆಟ್ಟದ ಠಾಣೆಗಳಿಗೆ ಸಾಮಾನು ಹೊರುವ ಹೇಸರಗತ್ತೆಗಳ ಕೆಲಸದಲ್ಲಿ ಕೊಂಚ ಭಾಗವನ್ನು ವಹಿಸಿಕೊಳ್ಳಲೆಂದು ನಮ್ಮ ಸೈನ್ಯವು ಕೊಂಡಿರುವ ಯಂತ್ರಗಳಿವು. ಲೋಹದ ಪ್ರಾಣಿಯೊಂದು ನಡೆದು ಬರುವುದೆಂದರೆ ನೋಡುವವರಿಗೆ ಬೆರಗಾಗುವುದು ಸಹಜವೇ. ಆದರೆ ಆ ಯಂತ್ರವು ಹೊರಬಲ್ಲ ತೂಕವು ಸುಮಾರು 12ರಿಂದ 15 ಕಿಲೋ ಮಾತ್ರ. ರಣರಂಗದಲ್ಲಿ ಕಾಲ್ನಡಿಗೆಯ ಸಿಪಾಯಿಯು ಹೊರುವುದು ಅದರ ಎರಡರಷ್ಟು. ದೂರದ ನಡಿಗೆಯಾದರೆ ಮೂರರಷ್ಟು. ಯಂತ್ರವು ಎಷ್ಟು ಹೊರುತ್ತದೆಂದು ಎಲ್ಲರೂ ಕೇಳುತ್ತಾರೆ. ಮನುಷ್ಯನು ಎಷ್ಟು ಹೊರುತ್ತಾನೆ, ಎಷ್ಟು ಹೊರಬೇಕು ಎಂಬುದನ್ನು ಕೇಳುವವರು ವಿರಳ.

ಈ ಪ್ರಶ್ನೆಯನ್ನು ಈಗಲೇ ಎತ್ತುವುದಕ್ಕೆ ಕಾರಣವುಂಟು. ನಮ್ಮ ಪದಾತಿಯ ಬಂದೂಕು, ಸಮವಸ್ತ್ರ, ಗುಂಡು ತಡೆಯುವ ಕವಚ ಇವೆಲ್ಲವೂ ಕೆಲವೇ ವರ್ಷಗಳ ಅಂತರದಲ್ಲಿ ಬದಲಾಗುತ್ತಿವೆ. 2022ರ ಜನವರಿಯಲ್ಲಿ ಹೊಸ ಸಮರವಸ್ತ್ರವನ್ನು ತೋರಿಸಲಾಯಿತು. ಅದೇ ವರ್ಷದ ಆಗಸ್ಟ್ 16ರಂದು, ಬಂದೂಕು, ಶಿರಸ್ತ್ರಾಣ, ಕವಚ, ಸಂಪರ್ಕ ಸಾಧನಗಳನ್ನೆಲ್ಲ ಒಂದೇ ವ್ಯವಸ್ಥೆಯೆಂದು ಭಾವಿಸಿ ರೂಪಿಸಿದ ಸಲಕರಣೆಯನ್ನು ರಕ್ಷಣಾ ಸಚಿವರಾದ ಶ್ರೀ ರಾಜನಾಥ ಸಿಂಗರು ಸೈನ್ಯಕ್ಕೆ ಒಪ್ಪಿಸಿದರು. ಇಷ್ಟೆಲ್ಲವೂ ಕೊನೆಗೆ ತೂಗಬೇಕಾದುದು ಒಬ್ಬ ಮನುಷ್ಯನ ಹೆಗಲು ಮತ್ತು ಸೊಂಟಗಳ ಮೇಲೆ. ಯಾವುದನ್ನು ಎಲ್ಲಿ ತೂಗಹಾಕಬೇಕು, ಯಾವುದನ್ನು ಬೇಕಾದಾಗ ಕಳಚಿಡಬಹುದು ಎಂಬುದನ್ನು ನಿರ್ಧರಿಸುವ ಪಟ್ಟಿ, ಚೀಲ, ಕೊಂಡಿಗಳ ವಿಷಯವು ದರ್ಜಿಯ ಕೆಲಸದಂತೆ ಕ್ಷುಲ್ಲಕವಾಗಿ ತೋರಬಹುದು. ಒಂದು ನೂರು ವರ್ಷಗಳ ಅನುಭವವು ಹಾಗೆ ಹೇಳುವುದಿಲ್ಲ.

ಇಂದು ಲೋಕದ ಸೈನ್ಯಗಳೆಲ್ಲವೂ ಒಪ್ಪಿಕೊಂಡಿರುವ ಪದ್ಧತಿಗೆ ‘ಮಾಡ್ಯುಲರ್’ ಎಂದು ಹೆಸರು. ಅದರ ಅರ್ಥವನ್ನು ತಿಳಿಯಲು ನಮ್ಮ ವಾಚಕರು ದೂರ ಹೋಗಬೇಕಾಗಿಲ್ಲ. ಒಂದರ ಮೇಲೊಂದು ಡಬ್ಬಿಯನ್ನಿಟ್ಟು ಕೊಂಡಿ ಬಿಗಿಯುವ ಟಿಫಿನ್ ಕ್ಯಾರಿಯರೇ ಅದು. ಒಬ್ಬನ ಊಟಕ್ಕೆ ಎರಡು ಡಬ್ಬಿ, ಇಬ್ಬರಿಗಾದರೆ ನಾಲ್ಕು. ಅನ್ನದ ಡಬ್ಬಿಯನ್ನು ಮೇಲಿಡಬಹುದು, ಕೆಳಗಿಡಬಹುದು. ಪಲ್ಯ ಬೇಡವಾದರೆ ಆ ಡಬ್ಬಿಯನ್ನೇ ಮನೆಯಲ್ಲಿ ಬಿಡಬಹುದು. ಸೈನಿಕನಿಗೂ ಹಾಗೆಯೇ: ಮೂಲವಾದ ಒಂದು ಪಟ್ಟಿ ಅಥವಾ ಕವಚ, ಅದಕ್ಕೆ ಆ ದಿನದ ಕೆಲಸಕ್ಕೆ ತಕ್ಕ ಚೀಲಗಳು. ಕಾವಲಿಗೆ ನಿಂತವನಿಗೆ ಒಂದು ಬಗೆ, ರೇಡಿಯೋ ಹೊರುವವನಿಗೆ ಇನ್ನೊಂದು, ಗಾಯಾಳುಗಳನ್ನು ನೋಡಿಕೊಳ್ಳುವವನಿಗೆ ಮತ್ತೊಂದು.

ಮೊದಲು ಭಾರದ ಲೆಕ್ಕವನ್ನು ನೋಡೋಣ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಶರೀರಶಾಸ್ತ್ರಜ್ಞರು ತರುಣರ ಬೆನ್ನಿಗೆ ಬೇರೆ ಬೇರೆ ತೂಕಗಳನ್ನು ಕಟ್ಟಿ ನಡೆಸಿ, ಅವರ ಉಸಿರನ್ನೂ ನಾಡಿಯನ್ನೂ ಪರೀಕ್ಷಿಸಿದರು. ಹವೆಯು ತಂಪಾಗಿದ್ದರೆ ಸುಮಾರು 48 ಪೌಂಡು, ಎಂದರೆ 22 ಕಿಲೋವರೆಗೆ ದೇಹವು ತಾಳಿಕೊಳ್ಳುವುದೆಂದೂ ಬಿಸಿಲೇರಿದಾಗ ಅಷ್ಟೇ ತೂಕವು ಬಾಧಕವಾಗುವುದೆಂದೂ ಅವರು ಕಂಡರು. ಮೊದಲನೆಯ ಮಹಾಯುದ್ಧದ ತರುವಾಯ ಬ್ರಿಟಿಷ್ ಸೈನ್ಯದ ಆರೋಗ್ಯ ಸಲಹೆಗಾರರು ಮನುಷ್ಯನ ಮೈತೂಕದ ಮೂರನೆಯ ಒಂದಂಶವೇ ಹೊರೆಯ ಮಿತಿಯೆಂದು ಸೂಚಿಸಿದರು. 65 ಕಿಲೋ ತೂಗುವ ಯುವಕನಿಗೆ ಇದು 22 ಕಿಲೋದಷ್ಟಾಗುತ್ತದೆ. ಬೇರೆ ಬೇರೆ ದೇಶ ಕಾಲಗಳಲ್ಲಿ ನಡೆದ ಪರೀಕ್ಷೆಗಳು ಹೀಗೆ ಹೆಚ್ಚುಕಡಿಮೆ ಒಂದೇ ಅಂಕಿಯ ಸುತ್ತ ಬಂದು ನಿಲ್ಲುವುದು ಗಮನಾರ್ಹವಾಗಿದೆ.

ತೂಕವೆಷ್ಟೆಂಬುದರಷ್ಟೇ ಅದು ಎಲ್ಲಿ ಕುಳಿತಿದೆಯೆಂಬುದೂ ಮುಖ್ಯ. ದತ್ತ ಮತ್ತು ರಾಮನಾಥನ್ ಎಂಬ ನಮ್ಮ ದೇಶದ ಸಂಶೋಧಕರಿಬ್ಬರು 1971ರಲ್ಲಿ ಪ್ರಕಟಿಸಿದ ಪರೀಕ್ಷೆಯು ಈ ವಿಷಯದಲ್ಲಿ ಇಂದಿಗೂ ಉಲ್ಲೇಖಾರ್ಹವಾಗಿದೆ. ಒಂದೇ ತೂಕವನ್ನು ಏಳು ಬಗೆಗಳಲ್ಲಿ ಹೊರಿಸಿ ಅವರು ಶ್ರಮವನ್ನು ಅಳೆದರು. ಎದೆಗೂ ಬೆನ್ನಿಗೂ ಸಮನಾಗಿ ಹಂಚಿದ ಹೊರೆಯು ಎಲ್ಲಕ್ಕಿಂತ ಹಗುರವೆನಿಸಿತು; ಅದರ ನಂತರ ತಲೆಹೊರೆ; ಎಲ್ಲಕ್ಕಿಂತ ದುಸ್ಸಹವಾದುದು ಎರಡು ಕೈಗಳಲ್ಲಿ ತೂಗುಬಿಟ್ಟ ಹೊರೆ. ಮುಂಬಯಿಯ ಡಬ್ಬಾವಾಲರೂ ನಿಲ್ದಾಣದ ಹಮಾಲರೂ ಯಾವ ಪ್ರಯೋಗಶಾಲೆಯ ನೆರವೂ ಇಲ್ಲದೆ ಈ ಸತ್ಯದ ಬಹುಭಾಗವನ್ನು ಮೊದಲೇ ತಿಳಿದಿದ್ದರು. ತಲೆಯ ಮೇಲೆ ಹೊರೆಯಿಟ್ಟು ಸೈನಿಕನು ಯುದ್ಧ ಮಾಡಲಾರನಾದುದರಿಂದ ಅವನಿಗುಳಿದುದು ಎದೆ, ಬೆನ್ನು, ಸೊಂಟಗಳೇ. ಹೆಗಲಿನ ಪಟ್ಟಿಯೊಂದನ್ನೇ ನೆಚ್ಚಿದರೆ ಅದು ಕತ್ತಿನ ಕೆಳಗಿನ ನರಗಳನ್ನು ಒತ್ತಿ ತೋಳನ್ನು ಜೋಮು ಹಿಡಿಸುತ್ತದೆ. ಬಂದೂಕು ಹಿಡಿಯಬೇಕಾದ ತೋಳು ಅದು. ಆದುದರಿಂದಲೇ ಒಳ್ಳೆಯ ಬೆನ್ನುಚೀಲದ ಗುಟ್ಟೆಲ್ಲವೂ ಭಾರವನ್ನು ಹೆಗಲಿನಿಂದ ಸೊಂಟದ ಮೂಳೆಗೆ ಇಳಿಸುವುದರಲ್ಲಿದೆ.

ಇಂದಿನ ವ್ಯವಸ್ಥೆಯ ಮೂಲಪುರುಷನೆಂದರೆ ಬ್ರಿಟಿಷರ 1908ರ ಮಾದರಿ. ಅದಕ್ಕೆ ಮುಂಚೆ ಸಿಪಾಯಿಯ ಪಟ್ಟಿಗಳೆಲ್ಲ ಚರ್ಮದವು. ಮಳೆಯಲ್ಲಿ ನೆನೆದು ಹಿಗ್ಗುವುದು, ಬಿಸಿಲಿಗೆ ಒಣಗಿ ಸೀಳುವುದು ಚರ್ಮದ ಗುಣ. ದಕ್ಷಿಣ ಆಫ್ರಿಕೆಯಲ್ಲಿ 1899ರಿಂದ 1902ರವರೆಗೆ ನಡೆದ ಬೋಯರ್ ಯುದ್ಧವು ಈ ದೋಷವನ್ನು ಚೆನ್ನಾಗಿ ತೋರಿಸಿಕೊಟ್ಟಿತು. ಆಮೇಲೆ ದಪ್ಪ ಹತ್ತಿನೂಲಿನಿಂದ ಬಿಗಿಯಾಗಿ ನೇಯ್ದ ಪಟ್ಟಿಗಳನ್ನು ತರಲಾಯಿತು. ಎದೆಯ ಎಡಬಲಗಳಲ್ಲಿ ಐದೈದರಂತೆ ಹತ್ತು ಪುಟ್ಟ ಚೀಲಗಳು, ಒಂದೊಂದರಲ್ಲಿ ಹದಿನೈದರಂತೆ 150 ಗುಂಡುಗಳು, ಹಿಂದೆ ಬೆನ್ನುಚೀಲ, ಪಕ್ಕದಲ್ಲಿ ನೀರಿನ ಸೀಸೆ; ಮುಂದಿನ ಭಾರವು ಹಿಂದಿನ ಭಾರವನ್ನು ತೂಗಿಸುವಂತೆ ಅದನ್ನು ಹವಣಿಸಿದ್ದರು. ಇಡೀ ಕಟ್ಟನ್ನು ಕೋಟಿನಂತೆ ಒಮ್ಮೆಗೇ ತೊಡಬಹುದಾಗಿತ್ತು, ಒಮ್ಮೆಗೇ ಕಳಚಬಹುದಾಗಿತ್ತು. ಇಷ್ಟು ಚೆಂದದ ಸಲಕರಣೆಯನ್ನು ತೊಟ್ಟು 1916ರ ಜುಲೈ 1ರಂದು ಸೊಮ್ ನದಿಯ ಸಮರದಲ್ಲಿ ಕಂದಕದಿಂದ ಮೇಲೆದ್ದ ಬ್ರಿಟಿಷ್ ಸಿಪಾಯಿಯ ಮೈಮೇಲೆ ಸುಮಾರು 66 ಪೌಂಡುಗಳಿದ್ದವು. 30 ಕಿಲೋ! ಓಡಬೇಕಾದಲ್ಲಿ ಅವನಿಗೆ ನಡೆಯುವುದಷ್ಟೇ ಸಾಧ್ಯವಾಯಿತು. ಅಂದು ಬ್ರಿಟಿಷ್ ಸೈನ್ಯಕ್ಕಾದ ಹಾನಿಗೆ ಹೊರೆಯೊಂದೇ ಕಾರಣವೆನ್ನಲಾಗದು. ಆದರೆ ಆ ಹೊರೆಯನ್ನು ಮರೆತು ಆ ದಿನವನ್ನು ಅರ್ಥಮಾಡಿಕೊಳ್ಳಲೂ ಆಗದು.

ನಮಗೆ ಹೆಚ್ಚು ಹತ್ತಿರದ್ದು 1937ರ ಮಾದರಿ. ಎರಡನೆಯ ಮಹಾಯುದ್ಧದಲ್ಲಿ ಆಫ್ರಿಕೆಯ ಮರಳಿನಲ್ಲಿಯೂ ಬರ್ಮಾದ ಕಾಡಿನಲ್ಲಿಯೂ ಹೋರಾಡಿದ ಭಾರತೀಯ ಸಿಪಾಯಿಗಳು ತೊಟ್ಟಿದ್ದುದು ಇದನ್ನೇ; ಸ್ವಾತಂತ್ರ್ಯ ಬಂದ ಬಳಿಕವೂ ಅದು ನಮ್ಮ ಸೈನ್ಯದಲ್ಲಿ ಬಹುಕಾಲ ಉಳಿಯಿತು. ಇದರ ವಿಶೇಷವಿರುವುದು ಎದೆಯ ಮೇಲಿನ ಎರಡು ದೊಡ್ಡ ಚೀಲಗಳಲ್ಲಿ. 1908ರ ಪುಟ್ಟ ಚೀಲದಲ್ಲಿ ಬಂದೂಕಿನ ಗುಂಡಲ್ಲದೆ ಮತ್ತೇನೂ ಹಿಡಿಯುತ್ತಿರಲಿಲ್ಲ. 1937ರ ಚೀಲವನ್ನು ಬ್ರೆನ್ ಎಂಬ ಹಗುರ ಮೆಶಿನ್‌ಗನ್ನಿನ ಮ್ಯಾಗಜೀನುಗಳು ಹಿಡಿಯುವ ಅಳತೆಗೆ ಹೊಲಿಯಲಾಯಿತು. ಗನ್ನು ಒಬ್ಬನದಾದರೂ ಅದರ ಗುಂಡುಗಳನ್ನು ಗುಂಪಿನವರೆಲ್ಲರೂ ಹಂಚಿಕೊಂಡು ಹೊರಬೇಕೆಂಬುದು ಇಲ್ಲಿಯ ಯೋಚನೆ. ಕೈಬಾಂಬೂ ಅದರಲ್ಲಿ ಹಿಡಿಯುತ್ತಿತ್ತು. ಯುದ್ಧ ಮಾಡುವುದು ಒಂಟಿ ಸಿಪಾಯಿಯಲ್ಲ, ಹತ್ತು ಜನರ ಗುಂಪು ಎಂಬ ತಿಳಿವಳಿಕೆಯನ್ನು ಒಂದು ಬಟ್ಟೆಯ ಚೀಲದೊಳಗೆ ಹೊಲಿದಿಟ್ಟವರ ಜಾಣ್ಮೆಯನ್ನು ಮೆಚ್ಚಲೇಬೇಕು. ಮಾಡ್ಯುಲರ್ ಎಂಬ ಹೆಸರು ಬರುವ ಮೊದಲೇ ಅದರ ಅರ್ಧ ತತ್ತ್ವವು ಹೀಗೆ ಬಂದಿತ್ತು.

ಉಳಿದ ಅರ್ಧವನ್ನು ಪೂರೈಸಿದವರು ಅಮೇರಿಕದವರು. ಅವರು 1973ರಲ್ಲಿ ಅಂಗೀಕರಿಸಿದ ‘ಅಲೈಸ್’ ಎಂಬ ನೈಲಾನ್ ಸಲಕರಣೆಯಲ್ಲಿ ಹೊರೆಯನ್ನು ಸ್ಪಷ್ಟವಾಗಿ ಎರಡಾಗಿ ವಿಂಗಡಿಸಲಾಗಿತ್ತು. ಗುಂಡು, ನೀರು, ಗಾಯಕ್ಕೆ ಕಟ್ಟುವ ಪಟ್ಟಿ ಇವು ನಡುಪಟ್ಟಿಯ ಮೇಲೆ, ಇವಿಲ್ಲದೆ ಹೋರಾಟವಿಲ್ಲ. ಹೊದಿಕೆ, ಬದಲು ಬಟ್ಟೆ, ಆಹಾರ ಇವು ಬೆನ್ನುಚೀಲದಲ್ಲಿ. ಇವನ್ನು ಹೋರಾಟಕ್ಕೆ ಮುನ್ನ ಕೆಳಗಿಟ್ಟು ಹೋಗಬಹುದು. ಅವರ ಮುಂದಿನ ವ್ಯವಸ್ಥೆಯಾದ ‘ಮೊಲಿ’ ಬಂದುದು 1997ರಲ್ಲಿ. ಮ್ಯಾಸಚೂಸೆಟ್ಸ್ ಪ್ರಾಂತದ ನೇಟಿಕ್ ಎಂಬಲ್ಲಿರುವ ಸೈನಿಕ ಸಂಶೋಧನಾಲಯದಲ್ಲಿ ಅದು ರೂಪುಗೊಂಡಿತು. ಇಂದು ಅನೇಕ ದೇಶಗಳ ಸಿಪಾಯಿಗಳ ಎದೆಯ ಮೇಲೆ ಕಾಣುವ ಅಡ್ಡಪಟ್ಟಿಗಳ ಸಾಲು ಇದರ ಕೊಡುಗೆಯೇ.

ಅದರ ರಚನೆ ಬಲು ಸರಳ. 25 ಮಿಲಿಮೀಟರ್ ಅಗಲದ ನೈಲಾನ್ ಪಟ್ಟಿಗಳನ್ನು ಅಷ್ಟೇ ಅಂತರ ಬಿಟ್ಟು ಒಂದರ ಕೆಳಗೊಂದರಂತೆ ಕವಚದ ಮೇಲೆ ಅಡ್ಡವಾಗಿ ಇಡುತ್ತಾರೆ. ಪ್ರತಿಯೊಂದನ್ನೂ 38 ಮಿಲಿಮೀಟರಿಗೊಮ್ಮೆ ಹೊಲಿದು ಬಂಧಿಸುತ್ತಾರೆ. ಹೀಗೆ ಏಣಿಯಂಥ ಕಂಡಿಗಳು ಏರ್ಪಡುತ್ತವೆ. ಚೀಲದ ಬೆನ್ನಿನಲ್ಲಿಯೂ ಅಂಥವೇ ಪಟ್ಟಿಗಳಿರುತ್ತವೆ. ಚೀಲದ ನಾಲಗೆಯನ್ನು ಕವಚದ ಪಟ್ಟಿಯೊಳಗೆ ಒಮ್ಮೆ, ಚೀಲದ ಪಟ್ಟಿಯೊಳಗೆ ಒಮ್ಮೆ, ಬುಟ್ಟಿ ಹೆಣೆಯುವಂತೆ ಹೆಣೆದು ಕೆಳಗೆ ಗುಂಡಿ ಹಾಕಿದರೆ ಮುಗಿಯಿತು. ಓಡಿದರೂ ಉರುಳಿದರೂ ಅದು ಅಲುಗುವುದಿಲ್ಲ. ಯಾವ ಕಾರಖಾನೆಯ ಚೀಲವಾದರೂ ಅಳತೆ ಒಂದೇ ಆದುದರಿಂದ ಯಾವ ಕವಚಕ್ಕಾದರೂ ಹೊಂದುತ್ತದೆ. ಎಡಗೈಯವನು ಬಲಕ್ಕೆ ಕಟ್ಟಿಕೊಳ್ಳಬಹುದು. ವಾಹನದಲ್ಲಿ ಕುಳಿತು ಹೋಗುವವನು ಬೆನ್ನನ್ನು ಬರಿದಾಗಿಟ್ಟುಕೊಳ್ಳಬಹುದು.

ಇಷ್ಟು ಜಾಣತನದ ಸಲಕರಣೆಯೂ ಮೊದಲ ಹೆಜ್ಜೆಯಲ್ಲಿಯೇ ಎಡವಿತು. ಬೆನ್ನುಚೀಲದ ಚೌಕಟ್ಟನ್ನು ನಡುಪಟ್ಟಿಗೆ ಸೇರಿಸಲು ಗುಂಡಾದ ಗೂಟವೊಂದನ್ನು ಕುಳಿಯೊಂದರಲ್ಲಿ ಕೂಡಿಸುವ ಕೀಲನ್ನು ಅಳವಡಿಸಿದ್ದರು. ಮೈ ಬಾಗಿದಾಗ ಚೀಲವೂ ಬಾಗಲಿ ಎಂಬುದು ಉದ್ದೇಶ. ಕಾಗದದ ಮೇಲೆ ಅದು ಅಂದವಾಗಿಯೇ ಇತ್ತು. ಆದರೆ ಕತ್ತಲೆಯಲ್ಲಿ, ಅವಸರದಲ್ಲಿ, ಬೆನ್ನ ಹಿಂದಿನ ಕುಳಿಯನ್ನು ಹುಡುಕಿ ಗೂಟ ಕೂಡಿಸುವುದು ಹೇಗೆ? ಗೂಟವು ಕುಳಿ ತಪ್ಪಿದರೆ ನೇರವಾಗಿ ಸೊಂಟಕ್ಕೆ ತಿವಿಯುತ್ತಿತ್ತು. ಪ್ಲಾಸ್ಟಿಕ್ಕಿನ ಚೌಕಟ್ಟುಗಳು ಮುರಿದುವೆಂಬ ದೂರುಗಳೂ ಬಂದವು. ಸಿಪಾಯಿಗಳ ಗೊಣಗಾಟಕ್ಕೆ ಮಣಿದು ಆ ಕೀಲನ್ನು ತೆಗೆದುಹಾಕಿ ಚೌಕಟ್ಟನ್ನು ಬದಲಾಯಿಸಲಾಯಿತು. ಗೊಣಗಾಟವನ್ನು ಅಶಿಸ್ತೆಂದು ಬಗೆಯದೆ ಪರೀಕ್ಷೆಯ ಫಲವೆಂದು ಬಗೆದುದು ಅಮೇರಿಕದವರ ದೊಡ್ಡ ಗುಣವೆನ್ನಬೇಕು.

ಈಗ ಮುಖ್ಯ ಮಾತಿಗೆ ಬರೋಣ. ಬೇಕಾದುದನ್ನಷ್ಟೇ ಜೋಡಿಸಿಕೊಂಡು ಬೇಡವಾದುದನ್ನು ಬಿಟ್ಟುಹೋಗಬಹುದಾದ ಸಲಕರಣೆ ಬಂದ ಮೇಲೆ ಹೊರೆಯು ಇಳಿದಿರಬೇಕಲ್ಲವೇ? ಅಮೇರಿಕದ ಸೈನ್ಯವು 1990ರಲ್ಲಿ ಹೊರಡಿಸಿದ ಕೈಪಿಡಿಯು ಹೋರಾಟದ ಹೊರೆಗೆ 48 ಪೌಂಡು, ದೂರನಡಿಗೆಯ ಹೊರೆಗೆ 72 ಪೌಂಡು ಎಂದು ಮಿತಿಯಿಟ್ಟಿತ್ತು. ಎಂದರೆ 22 ಕಿಲೋ ಮತ್ತು 33 ಕಿಲೋ. ಅವರದೇ ಅಧಿಕಾರಿಗಳು 2003ರಲ್ಲಿ ಅಫಘಾನಿಸ್ತಾನದ ಗುಡ್ಡಗಳಲ್ಲಿ ಸಿಪಾಯಿಗಳ ಜೊತೆ ತಾವೂ ನಡೆದು, ಪ್ರತಿಯೊಬ್ಬನ ಮೈಮೇಲಿನ ಪ್ರತಿಯೊಂದು ಸಾಮಾನನ್ನೂ ತೂಗಿ ಲೆಕ್ಕ ಬರೆದರು. ಸಾಮಾನ್ಯ ಬಂದೂಕುಧಾರಿಯ ಹೋರಾಟದ ಹೊರೆ ಸರಾಸರಿ 63 ಪೌಂಡು. ದೂರನಡಿಗೆಯಲ್ಲಿ ಸುಮಾರು 96 ಪೌಂಡು. ತುರ್ತಿನ ಸಂದರ್ಭದಲ್ಲಿ 127 ಪೌಂಡು. ಕೊನೆಯದು ಸುಮಾರು 58 ಕಿಲೋ ಆಗುತ್ತದೆ, ಎಂದರೆ ಮೈತೂಕದ ಮುಕ್ಕಾಲು ಪಾಲಿಗೆ ಹತ್ತಿರ. ಸೊಮ್ ಸಮರದ ಸಿಪಾಯಿಯ ಮೊಮ್ಮಗನ ಮಗನು, ನೈಲಾನನ್ನೂ ಪ್ಲಾಸ್ಟಿಕ್ಕನ್ನೂ ಪಡೆದು, ತನ್ನ ಮುತ್ತಜ್ಜನಿಗಿಂತ ಹಗುರವಾಗಲಿಲ್ಲ.

ಇದಕ್ಕೆ ಕವಚದ ತೂಕವು ಒಂದು ಕಾರಣ. ಅಂದಿನ ಅಮೇರಿಕನ್ ಕವಚವು ಎದೆ ಬೆನ್ನುಗಳ ಫಲಕಗಳು ಸೇರಿ 16 ಪೌಂಡುಗಳಿಗೆ ಮಿಗಿಲಾಗಿತ್ತು. ಅದನ್ನು ತೊಟ್ಟು ಬದುಕಿ ಬಂದವರು ಬಹುಮಂದಿ, ಆದುದರಿಂದ ಅದನ್ನು ಬೇಡವೆನ್ನಲಾಗದು. ಬ್ಯಾಟರಿಗಳು, ಇರುಳುಗನ್ನಡಿ, ರೇಡಿಯೋ, ನೀರು ಇವೂ ಸೇರಿದುವು. ಆದರೆ ನಮ್ಮ ಮಟ್ಟಿಗೆ ತೋರುವ ಆಳವಾದ ಕಾರಣವು ಬೇರೆಯೇ ಇದೆ. ನಾಲ್ಕು ಡಬ್ಬಿಯ ಕ್ಯಾರಿಯರು ಕೈಗೆ ಬಂದರೆ ಮನೆಯಾಕೆಯು ನಾಲ್ಕನ್ನೂ ತುಂಬಿಯೇ ಕಳಿಸುತ್ತಾಳೆ. ಎದೆಯ ಮೇಲೆ ಖಾಲಿ ಕಂಡಿಗಳ ಸಾಲು ಇದ್ದರೆ, ಇಲ್ಲಿ ಇನ್ನೊಂದು ಮ್ಯಾಗಜೀನು, ಅಲ್ಲಿ ಇನ್ನೊಂದು ಬ್ಯಾಟರಿ ಎಂದು ಮೇಲಿನವರೂ ಹೇಳುತ್ತಾರೆ, ಸಿಪಾಯಿಯೂ ಸೇರಿಸುತ್ತಾನೆ. ಹಳೆಯ ಚೀಲಕ್ಕೆ ಒಂದು ಕಟ್ಟುನಿಟ್ಟಿತ್ತು: ಅದರಲ್ಲಿ ಜಾಗವಿರಲಿಲ್ಲ. ಹೊಸದು ಆ ಕಟ್ಟುನಿಟ್ಟನ್ನು ತೆಗೆದುಹಾಕಿ ಅದರ ಸ್ಥಾನದಲ್ಲಿ ಅಧಿಕಾರಿಯ ವಿವೇಕವನ್ನು ಕೂಡಿಸಿತು. ‘ಇದನ್ನು ಬಿಟ್ಟುಹೋಗು’ ಎಂದು ಆಜ್ಞಾಪಿಸಿದ ಅಧಿಕಾರಿಯು, ಆ ವಸ್ತುವಿಲ್ಲದೆ ನಾಳೆ ಒಬ್ಬನು ಸತ್ತರೆ ಅದಕ್ಕೆ ಉತ್ತರ ಕೊಡಬೇಕು. ‘ಎಲ್ಲವನ್ನೂ ಹೊತ್ತುಕೊಳ್ಳಿ’ ಎಂದವನನ್ನು, ಬಳಲಿ ಹಿಂದುಳಿದವನು ಸತ್ತರೆ, ಯಾರೂ ಕೇಳುವುದಿಲ್ಲ. ಬಳಲಿಕೆಯು ಮರಣದ ಕಾರಣವೆಂದು ಯಾವ ದಾಖಲೆಯಲ್ಲಿಯೂ ಬರೆಯಲ್ಪಡುವುದಿಲ್ಲವಷ್ಟೆ. ಕಚೇರಿಯಲ್ಲಿ ಗುಮಾಸ್ತೆಯಾಗಿರುವವರಿಗೆ ಈ ಬಗೆಯ ತೀರ್ಮಾನದ ಪರಿಚಯವು ಇದ್ದೇ ಇರುತ್ತದೆ.

ಅಮೇರಿಕದ ಮಾರ್ಷಲ್ ಎಂಬ ಯುದ್ಧಲೇಖಕನು 1950ರಲ್ಲಿಯೇ ಇದನ್ನು ಒಂದು ಚಿಕ್ಕ ಪುಸ್ತಕದಲ್ಲಿ ವಾದಿಸಿದ್ದನು. 1944ರ ಜೂನಿನಲ್ಲಿ ಫ್ರಾನ್ಸಿನ ಒಮಾಹಾ ಕಡಲತಡಿಯಲ್ಲಿ ದೋಣಿಯಿಂದಿಳಿದ ಅನೇಕ ಸಿಪಾಯಿಗಳು ಶತ್ರುವಿನ ಗುಂಡಿಗೆ ಸಿಕ್ಕುವ ಮೊದಲೇ ತಮ್ಮ ಹೊರೆಯ ಭಾರಕ್ಕೆ ನೀರಿನಲ್ಲಿ ಮುಳುಗಿದ್ದರು. ದಡ ಮುಟ್ಟಿದವರು ನಿಂತಲ್ಲಿಯೇ ಕುಸಿದಿದ್ದರು. ಭಯವೂ ಆಯಾಸವೂ ಮನುಷ್ಯನ ಕಾಲುಗಳ ಮೇಲೆ ಮಾಡುವ ಕೆಲಸವು ಒಂದೇ, ಹೋರಾಟದಲ್ಲಿ 40 ಪೌಂಡುಗಳ ಆಚೆ ಹೋಗಕೂಡದು ಎಂಬುದು ಅವನ ವಾದ. ಈ ಪಾಠದ ಒಂದು ಎಳೆಯು ತಡವಾಗಿಯಾದರೂ ಸಲಕರಣೆಯೊಳಗೆ ಸೇರಿತು: 2007ರಲ್ಲಿ ಬಂದ ಅಮೇರಿಕನ್ ಕವಚದಲ್ಲಿ ಒಂದು ದಾರವನ್ನೆಳೆದರೆ ಇಡೀ ಕವಚವು ಬಿಚ್ಚಿ ಬೀಳುವಂತಿತ್ತು. ನೀರಿಗೆ ಬಿದ್ದವನಿಗೂ ಮಗುಚಿದ ಗಾಡಿಯಲ್ಲಿ ಸಿಕ್ಕಿಕೊಂಡವನಿಗೂ ಅದು ಜೀವರಕ್ಷೆ.

ಹಗುರವಾಗಿರುವುದೇ ಪರಮಗುಣವೆಂದು ಇದರಿಂದ ತಿಳಿಯಬಾರದು. 1962ರ ಅಕ್ಟೋಬರಿನಲ್ಲಿ ನಾಮ್ಕಾ ಚೂ ಕಣಿವೆಯಲ್ಲಿ ಚೀನೀಯರನ್ನೆದುರಿಸಿದ ನಮ್ಮ ಸಿಪಾಯಿಗಳ ಮೈಮೇಲೆ ಹತ್ತಿಯ ಉಡುಪು, ಜೇಬಿನಲ್ಲಿ ತಲಾ ಐವತ್ತರಷ್ಟು ಗುಂಡುಗಳಿದ್ದವು. ಅವರ ಹೊರೆಯು ಹಗುರವಾಗಿತ್ತು. ಅದು ಅವರನ್ನು ಉಳಿಸಲಿಲ್ಲ. ಇನ್ನು 1982ರಲ್ಲಿ ಫಾಕ್‌ಲೆಂಡ್ ದ್ವೀಪಗಳಲ್ಲಿ ಬ್ರಿಟಿಷರ ಹೆಲಿಕಾಪ್ಟರುಗಳನ್ನು ಹೊತ್ತ ಹಡಗು ನಾಶವಾದ ಮೇಲೆ ಅವರ ನೌಕಾಯೋಧರು 80 ಪೌಂಡುಗಳಷ್ಟು ಹೊರೆಯೊಡನೆ ಮೂರು ದಿನಗಳಲ್ಲಿ 90 ಕಿಲೋಮೀಟರ್ ನಡೆದು ಗೆದ್ದರು. ಮನುಷ್ಯನು ಹೊರಬಲ್ಲನು. ಹೊತ್ತ ಮೇಲೆ ಹೋರಾಡುವುದಕ್ಕೆ ಅವನಲ್ಲಿ ಏನು ಉಳಿದಿರುತ್ತದೆ, ನಲವತ್ತು ವರ್ಷ ವಯಸ್ಸಾದಾಗ ಅವನ ಮೊಣಕಾಲು, ಸೊಂಟಗಳು ಹೇಗಿರುತ್ತವೆ ಎಂಬುದು ಬೇರೆ ಲೆಕ್ಕ.

ಈ ದೃಷ್ಟಿಯಿಂದ ನಮ್ಮ ಸೈನ್ಯದ ಇಂದಿನ ಸ್ಥಿತಿಯನ್ನು ಪರಿಶೀಲಿಸಬೇಕು. ಹಳೆಯ ಇನ್ಸಾಸ್ ಬಂದೂಕಿನ 5.56 ಮಿಲಿಮೀಟರ್ ಗುಂಡು ಸುಮಾರು 12 ಗ್ರಾಂ ತೂಗುತ್ತದೆ. 2019ರಲ್ಲಿ ಅಮೇರಿಕದಿಂದ 72,400ರಷ್ಟು ತರಿಸಲು ಒಪ್ಪಂದವಾದ, 2024ರಲ್ಲಿ ಇನ್ನೂ 73,000ಕ್ಕೆ ಬೇಡಿಕೆಯಿಟ್ಟ ಸಿಗ್ 716 ಬಂದೂಕಿನ 7.62 ಮಿಲಿಮೀಟರ್ ಗುಂಡು ಅದರ ಇಮ್ಮಡಿ, ಸುಮಾರು 24 ಗ್ರಾಂ. ಉತ್ತರಪ್ರದೇಶದ ಅಮೇಠಿ ಬಳಿಯ ಕೋರ್ವಾದಲ್ಲಿ ತಯಾರಾಗುವ ಎಕೆ 203ರ ಗುಂಡು ಇವೆರಡರ ನಡುವಿನದು. ನೂರು ಗುಂಡುಗಳಿಗೆ ಮೊದಲನೆಯದರಲ್ಲಿ 1.2 ಕಿಲೋ ಆದರೆ ಎರಡನೆಯದರಲ್ಲಿ 2.4 ಕಿಲೋ. ದೂರದಿಂದ ಹೊಡೆದು ಉರುಳಿಸುವ ಶಕ್ತಿ ಹೆಚ್ಚಿತೆಂಬುದು ನಿಜ. ಆ ಶಕ್ತಿಯ ಬೆಲೆಯನ್ನು ತೆರುವುದು ಸಿಪಾಯಿಯ ಬೆನ್ನು. ಅಮೇರಿಕದವರೂ ತಮ್ಮ ಹೊಸ 6.8 ಮಿಲಿಮೀಟರ್ ಬಂದೂಕಿನಲ್ಲಿ ಇದೇ ಬೆಲೆಯನ್ನು ತೆರುತ್ತಿದ್ದಾರೆ: 210 ಗುಂಡು ಹೊರುತ್ತಿದ್ದವನು ಈಗ 140 ಮಾತ್ರ ಹೊತ್ತರೂ ತೂಕವು ಮೊದಲಿಗಿಂತ ಹೆಚ್ಚೇ.

ಮೂರು ಬಗೆಯ ಬಂದೂಕೆಂದರೆ ಮೂರು ಬಗೆಯ ಮ್ಯಾಗಜೀನು. ಒಂದೊಂದರ ಉದ್ದ, ದಪ್ಪ, ಬಾಗು ಬೇರೆ ಬೇರೆ. ಒಂದರ ಅಳತೆಗೆ ಹೊಲಿದ ಚೀಲದಲ್ಲಿ ಇನ್ನೊಂದು ತೂರುವುದಿಲ್ಲ. ತೂರಿದರೂ ಸಡಿಲಾಗಿ, ಓಡುವಾಗ ಜಾರಿ ಬೀಳುತ್ತದೆ. ಕಳಚಿ ಜೋಡಿಸುವ ವ್ಯವಸ್ಥೆಯು ನಮಗೆ ನಿಜವಾಗಿ ಬೇಕಾಗಿರುವುದು ಇಲ್ಲಿಯೇ: ಪಟ್ಟಿ ಒಂದೇ ಇರಲಿ, ಬಂದೂಕು ಬದಲಾದಂತೆ ಚೀಲವು ಬದಲಾಗಲಿ.

ಕವಚದ ವಿಷಯದಲ್ಲಿ ನಮ್ಮವರ ಸಾಧನೆ ಕಡಿಮೆಯದಲ್ಲ. ದೆಹಲಿಯ ಐಐಟಿಯೊಡನೆ ರಕ್ಷಣಾ ಸಂಶೋಧನಾ ಸಂಸ್ಥೆಯು ರೂಪಿಸಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ‘ಅಭೇದ್’ ಕವಚಗಳ ಕನಿಷ್ಠ ತೂಕವು, ಅವು ಕೊಡುವ ರಕ್ಷಣೆಯ ಮಟ್ಟಕ್ಕನುಸಾರವಾಗಿ, 8.2 ಮತ್ತು 9.5 ಕಿಲೋ. ಮುಂಬಯಿಯ ತ್ರಾಂಬೆಯಲ್ಲಿರುವ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ತಂತ್ರದಿಂದ ಹೈದರಾಬಾದಿನ ಮಿಧಾನಿ ಕಾರಖಾನೆಯು ‘ಭಾಭಾ ಕವಚ’ವನ್ನು ತಯಾರಿಸುತ್ತದೆ. ಚೆನ್ನೈ ಸಮೀಪದ ಆವಡಿಯಲ್ಲಿ ಸೈನ್ಯದ ಉಡುಪುಗಳನ್ನು ಹೊಲಿಯುವ ಸರಕಾರಿ ಕಾರಖಾನೆಯಿದೆ. 2021ರಿಂದ ಅದು ಕಾನಪುರದ ಟ್ರೂಪ್ ಕಂಫರ್ಟ್ಸ್ ಎಂಬ ಸರಕಾರಿ ಕಂಪನಿಗೆ ಸೇರಿದೆ. ತೊಡಕಿರುವುದು ಇವುಗಳ ನಡುವಿನ ಹೊಂದಾಣಿಕೆಯಲ್ಲಿ. ಕವಚ ಒಬ್ಬರದು, ಚೀಲ ಇನ್ನೊಬ್ಬರದು, ಬೆನ್ನುಚೀಲ ಮತ್ತೊಬ್ಬರದು ಎಂದಾದರೆ ಕವಚದ ಮೇಲೆ ಬೆನ್ನುಚೀಲದ ಪಟ್ಟಿ ಕೂರುವುದಿಲ್ಲ, ಕವಚದ ಅಂಚು ನಡುಪಟ್ಟಿಯನ್ನು ಮೇಲಕ್ಕೆ ನೂಕುತ್ತದೆ, ಸೊಂಟಕ್ಕಿಳಿಯಬೇಕಾದ ಭಾರವು ಮರಳಿ ಹೆಗಲಿಗೇರುತ್ತದೆ. ಬ್ರಿಟಿಷರು 2016ರಿಂದ ಕೊಡತೊಡಗಿದ ‘ವರ್ಟಸ್’ ಸಲಕರಣೆಯಲ್ಲಿ ಕವಚದ ಹಿಂಬದಿಯಲ್ಲಿಯೇ ಬೆನ್ನೆಲುಬಿನಂಥ ಕೋಲನ್ನಿಟ್ಟು ಅದನ್ನು ನಡುಪಟ್ಟಿಗೆ ಕೂಡಿಸಿರುವುದು ಈ ತೊಡಕಿನ ಪರಿಹಾರಕ್ಕೆಂದೇ.

ಪರದೇಶದ ಮಾದರಿಯನ್ನು ಕಣ್ಣುಮುಚ್ಚಿ ನಕಲು ಮಾಡುವುದರಲ್ಲಿಯೂ ಅಪಾಯವಿದೆ. 80 ಕಿಲೋ ತೂಗುವ ಅಮೇರಿಕನ್ನನ ಬೆನ್ನಿನ ಉದ್ದಕ್ಕೆ ಮಾಡಿದ ಚೌಕಟ್ಟು 60 ಕಿಲೋದ ಗೂರ್ಖನ ಅಥವಾ ಬೆಳಗಾವಿಯ ಮರಾಠಾ ಲಘು ಪದಾತಿದಳದ ಕೇಂದ್ರದಲ್ಲಿ ತರಬೇತಿ ಪಡೆಯುವ ಹುಡುಗನ ಸೊಂಟಕ್ಕೆ ತಾಗದೆ ಅದರ ಕೆಳಗೆ ತೂಗಾಡುತ್ತದೆ. ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಿಂದ 2021ರ ಮೇ ತಿಂಗಳಿನಲ್ಲಿ 83 ಮಂದಿ ಮಹಿಳೆಯರ ಮೊದಲ ತಂಡವು ತೇರ್ಗಡೆಯಾಗಿ ಹೊರಬಂದಿತು. ಅವರ ಹೆಗಲಿನ ಅಗಲ, ಬೆನ್ನಿನ ಉದ್ದ, ಸೊಂಟದ ಆಕಾರಗಳು ಪುರುಷರವಲ್ಲ. ಅವರಿಗೂ ಪುರುಷರ ಸಣ್ಣ ಅಳತೆಯನ್ನೇ ಕೊಟ್ಟು ಸುಮ್ಮನಾದರೆ ಅದು ಅನ್ಯಾಯವೂ ಹೌದು, ದಂಡವೂ ಹೌದು.

ಇನ್ನು ಎತ್ತರದ ಮಾತು. ಸಮುದ್ರಮಟ್ಟದಿಂದ 5,500 ಮೀಟರ್ ಮೇಲೆ ಸಿಗುವ ಪ್ರಾಣವಾಯು ಕೆಳಗಿನದರ ಅರ್ಧದಷ್ಟು. ಅಲ್ಲಿ 20 ಕಿಲೋ 20 ಕಿಲೋ ಆಗಿ ಉಳಿಯುವುದಿಲ್ಲ. ತೂಕದ ಬೂಟಿನ ಒಂದು ಕಿಲೋ ಬೆನ್ನಿನ ನಾಲ್ಕೈದು ಕಿಲೋಗಳಿಗೆ ಸಮನೆಂಬುದನ್ನೂ ಇದಕ್ಕೆ ಕೂಡಿಸಬೇಕು. 2020ರಲ್ಲಿ ಲಡಾಖಿನ ಗಡಿಯಲ್ಲಿ ಚೀನೀಯರೊಡನೆ ಬಿಕ್ಕಟ್ಟು ಉಂಟಾದಾಗ ಚುಶೂಲ್ ಗ್ರಾಮದ ಗಂಡಸರೂ ಹೆಂಗಸರೂ ನೀರು, ಅಕ್ಕಿ, ಇಂಧನಗಳನ್ನು ಬೆನ್ನ ಮೇಲೆ ಹೊತ್ತು ಎತ್ತರದ ಶಿಖರದಲ್ಲಿದ್ದ ಸಿಪಾಯಿಗಳಿಗೆ ಮುಟ್ಟಿಸಿದರು. ರಸ್ತೆಯಿಲ್ಲದ ಕಡೆ ಹೊರೆಯು ಕಡಿಮೆಯಾಗುವುದಿಲ್ಲ, ಇನ್ನೊಬ್ಬರ ಬೆನ್ನಿಗೆ ವರ್ಗವಾಗುತ್ತದೆ ಅಷ್ಟೆ. ಪುಣೆಯಲ್ಲಿ ಕಂಡ ಯಂತ್ರಗಳೂ, ಸಾಮಾನು ಹೊತ್ತು ಹಾರುವ ಡ್ರೋನುಗಳೂ ಪ್ರಯೋಜನಕ್ಕೆ ಬರುವುದು ಈ ಕೊನೆಯ ಮೈಲಿಯಲ್ಲಿ. ಒಂದು ಯಂತ್ರವು ಹೊರುವ 15 ಕಿಲೋ ಅಲ್ಪವಾದರೂ, ಒಬ್ಬ ಸಿಪಾಯಿಯ ಬೆನ್ನಿನಿಂದ ಅಷ್ಟು ಇಳಿದರೆ ಅವನು ಹೋರಾಡಬಲ್ಲ ಮನುಷ್ಯನಾಗುತ್ತಾನೆ.

ಕೊಳ್ಳುವ ವಿಧಾನವನ್ನು ಕುರಿತು ಒಂದು ಮಾತು. ಎತ್ತರದ ಪ್ರದೇಶಗಳಿಗೆ ಬೇಕಾದ ಉಡುಪು, ಸಲಕರಣೆಗಳ ಖರೀದಿಯಲ್ಲಿ ವರ್ಷಗಟ್ಟಲೆ ವಿಳಂಬವಾಯಿತೆಂದೂ, ಮುಖದ ಮುಸುಕು, ಜಾಕೀಟು, ಮಲಗುವ ಚೀಲಗಳಂಥವನ್ನು ಹಳೆಯ ಮಾದರಿಯಲ್ಲಿಯೇ ಕೊಳ್ಳಲಾಯಿತೆಂದೂ ಮಹಾಲೇಖಪಾಲರ ವರದಿಯು 2020ರ ಫೆಬ್ರುವರಿಯಲ್ಲಿ ಸಂಸತ್ತಿಗೆ ತಿಳಿಸಿತು. ಅತಿ ಕಡಿಮೆ ಬೆಲೆ ಕೂಗಿದವನಿಗೆ ಕಂತ್ರಾಟು ಎಂಬ ನಿಯಮವು ಅಕ್ಕಿ ಬೇಳೆಗೆ ಸರಿಹೋದೀತು. ಹೋಟೆಲಿನಲ್ಲಿ ದುಡಿದವರು ಬಲ್ಲರು: ಅಗ್ಗದ ಪಾತ್ರೆಯ ಹಿಡಿ ಕಳಚಿದಾಗ ಸುಡುವುದು ಕೊಂಡವನ ಕೈಯಲ್ಲ. ಪಟ್ಟಿಯ ಹೊಲಿಗೆಯು ಎಷ್ಟು ಎಳೆತವನ್ನು ತಾಳುತ್ತದೆ, ನೆನೆದ ಬಟ್ಟೆಯು ಎಷ್ಟು ನೀರು ಕುಡಿದು ಎಷ್ಟು ತೂಗುತ್ತದೆ, ಹೆಪ್ಪುಗಟ್ಟುವ ಚಳಿಯಲ್ಲಿ ಕೈಗವಸು ತೊಟ್ಟ ಬೆರಳು ಆ ಕೊಂಡಿಯನ್ನು ಬಿಚ್ಚಬಲ್ಲುದೇ ಎಂಬಿವನ್ನು ಬೆಟ್ಟ ಹತ್ತುವ ಸಿಪಾಯಿಗಳ ಮೈಮೇಲೆ ಪರೀಕ್ಷಿಸಿದ ಬಳಿಕವೇ ಬೆಲೆಯ ಮಾತು ಬರಬೇಕು.

ಮತ್ತು ಚೀಲದ ತೂಕದೊಡನೆ ತುಂಬಿದ ಚೀಲದ ತೂಕಕ್ಕೂ ಮಿತಿಯನ್ನು ಬರೆಯಬೇಕು. ಸಂಸತ್ತಿನಲ್ಲಿ ರಕ್ಷಣೆಯ ಸ್ಥಾಯೀ ಸಮಿತಿಯಿದೆ; ಅದರ ಸದಸ್ಯರು ಬಂದೂಕುಗಳ ಸಂಖ್ಯೆಯನ್ನು ಕೇಳುವಂತೆಯೇ ಇದನ್ನೂ ಕೇಳಬಹುದು: ಈ ಹೊಸ ಬಂದೂಕು, ಗುಂಡು, ಕವಚ, ರೇಡಿಯೋ, ನೀರು, ಎರಡು ದಿನದ ಆಹಾರ ಎಲ್ಲವೂ ಸೇರಿದ ಮೇಲೆ ಲಡಾಖಿನ ಠಾಣೆಯೊಂದಕ್ಕೆ ಹತ್ತುವ ಸಾಮಾನ್ಯ ಸಿಪಾಯಿಯನ್ನು ತಕ್ಕಡಿಯ ಮೇಲೆ ನಿಲ್ಲಿಸಿ ತೂಗಿದ್ದೀರಾ? ತೂಗಿದ್ದರೆ ಆ ಅಂಕಿ ಎಷ್ಟು, ಅದರಲ್ಲಿ ಯಾವುದನ್ನು ಇಳಿಸಬೇಕೆಂದು ತೀರ್ಮಾನಿಸುವ ಅಧಿಕಾರವು ಯಾವ ದರ್ಜೆಯ ಅಧಿಕಾರಿಗೆ ಇದೆ?